ಅಕ್ಕನ ಉಗುರು

ಬರೆಯದೆ ಬಹಳ ದಿನಗಳಾದವು. ಆಫೀಸು, ಮನೆ, ಟ್ರಾಫಿಕ್ಕು... ಅದೇ ಹಳೇ ನೆವ. ಮೊನ್ನೆ ದಸರೆಗೆ ಊರಿಗೆ ಹೋಗಿ ಬಂದ ಮೇಲೆ ಮಾತ್ರ, ಇದೊಂದನ್ನು ಬರೆದು ಮುಗಿಸದೆ ಬೇರೇನೂ ಬರೆಯೋಕಾಗಲ್ಲ ಅನ್ನಿಸಿಬಿಟ್ಟಿದೆ. ಸ್ವಲ್ಪ ಉದ್ದವಾಗಬಹುದು. ಬೇಜಾರಾದರೆ ನಡುವಿನ ವಿಜ್ಞಾನ ಹಾರಿಸಿ ಓದಿ, ನಾನೇನೂ ಅಂದುಕೊಳ್ಳಲ್ಲ :-)

ನಮ್ಮದು ಯಲಬುರ್ಗಾ ಪಕ್ಕದ ಒಂದು ಹಳ್ಳಿ. ಕೊಪ್ಪಳ ಜಿಲ್ಲೆ ಅಂದ ಕೂಡಲೇ ಬೆಂಗಳೂರಿನ ಗೆಳೆಯರು "ಓ, ತುಂಗಭದ್ರಾ ಡ್ಯಾಮು, ಭತ್ತದ ಗದ್ದೆ!" ಅಂತಾರೆ. ಅದು ಗಂಗಾವತಿ ಕಡೆಯ ಮಾತು ಮಾರಾಯ್ರೇ. ಒಂದೇ ಜಿಲ್ಲೆ, ಆದರೆ ನೀರಿನ ಲೆಕ್ಕದಲ್ಲಿ ಎರಡು ಬೇರೆ ದೇಶ. ನಾವು ಚಿಕ್ಕವರಿದ್ದಾಗ ನಮ್ಮ ಕಡೆ ಹೊಳೆಯೂ ಇಲ್ಲ, ಕಾಲುವೆಯೂ ಇಲ್ಲ. ಮಳೆ ಬಂದರೆ ಬೆಳೆ. ಎರಿ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ. ಮಸಾರಿಯಲ್ಲಿ ಸಜ್ಜೆ, ಶೇಂಗಾ. ನಡುನಡುವೆ ಹತ್ತಿ, ಸೂರ್ಯಕಾಂತಿ. ಬಾವಿ ಇದ್ದವನೇ ಸಾಹುಕಾರ. ಹಿಂದೊಂದು ಕಾಲದಲ್ಲಿ ಇದು ಎರಂಬರಗೆ ಅಂತ ಸಿಂದ ಅರಸರ ರಾಜಧಾನಿಯಾಗಿತ್ತು ಅಂತ ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು. ನಮಗೆ ಗೊತ್ತಿದ್ದ ಯಲಬುರ್ಗಾ ಅಂದರೆ ಸಂತೆ, ಬಸ್‌ಸ್ಟ್ಯಾಂಡು, ಬೀಜ-ಗೊಬ್ಬರದ ಅಂಗಡಿ. (2025ರಲ್ಲಿ ರೈಲು ಬಂದಿದೆ! ಹುಬ್ಬಳ್ಳಿಯಿಂದ ಕುಷ್ಟಗಿ ರೈಲು ನಮ್ಮೂರ ಕಡೆಯಿಂದ ಹೋಗುತ್ತದೆ. ಅವ್ವ ಇದ್ದಿದ್ದರೆ ದಿನಾ ಹೋಗಿ ನೋಡಿಕೊಂಡು ಬರುತ್ತಿದ್ದಳೇನೋ.)

ಈಗ ವಿಷಯಕ್ಕೆ ಬರ್ತೀನಿ. ಅದು 1992. ನಾನು ಐದನೇತ್ತ, ಅಕ್ಕ ಏಳನೇತ್ತ ಮುಗಿಸಿದ್ದಳು. ನನಗಿಂತ ಜಾಣೆ. ಇದನ್ನು ತಮ್ಮನ ಪ್ರೀತಿಯಿಂದ ಹೇಳ್ತಿಲ್ಲ; ಮಗ್ಗಿ, ಬಾಯಿಲೆಕ್ಕ, ಕನ್ನಡದ ಅಕ್ಷರ, ಎಲ್ಲದರಲ್ಲೂ ಮೇಷ್ಟ್ರು ನನ್ನ ಕಿವಿ ಹಿಂಡಿ "ನಿಮ್ಮಕ್ಕನ್ನ ನೋಡಿ ಕಲಿ" ಅಂತಿದ್ದರು. ಆ ವರ್ಷ ಪಕ್ಕದೂರಿನ ಬಾವಿ ಹೊಲದವರೊಬ್ಬರು ಒಂದು ಬೀಜದ ಕಂಪನಿಯವರಿಗೆ ಹೈಬ್ರಿಡ್ ಹತ್ತಿ ಬೀಜ ಮಾಡಿಕೊಡೋಕೆ ಒಪ್ಪಿಕೊಂಡರು. ಕೆಲಸಕ್ಕೆ ಹುಡುಗೇರು ಬೇಕು ಅಂತ ಮನೆಮನೆಗೆ ಬಂದರು. ಮುಂಗಡ ಕೊಟ್ಟರು. ಹಿಂದಿನ ವರ್ಷದ ಎತ್ತಿನ ಸಾಲ ಇತ್ತು. ಅಪ್ಪ ತಗೊಂಡ.

"ಮೂರು ತಿಂಗಳ ಕೆಲಸ ಅಷ್ಟ. ಆಮ್ಯಾಲ ಸಾಲಿಗೆ ಹೋಗ್ತಾಳ" ಅಂದ ಅಪ್ಪ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅವನು.

ಆ ಕೆಲಸಕ್ಕೆ ನಮ್ಮ ಕಡೆ 'ಕ್ರಾಸಿಂಗ್' ಅಂತಾರೆ. ಓದಿದವರು, ಓದದವರು ಎಲ್ಲರೂ ಅದನ್ನೇ ಅನ್ನೋದು. ಹೇಗೆ ಮಾಡ್ತಾರೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದರೆ ಕಂಬಳಿ-ಅಂಗಿ ಎಲ್ಲ ತೊಡುವ ನಮಗೆ ಇದು ಗೊತ್ತೇ ಇರೋದಿಲ್ಲ.

ಹೊಲದಲ್ಲಿ ಎರಡು ಥರದ ಹತ್ತಿ ಬೇರೆ ಬೇರೆ ಭಾಗದಲ್ಲಿ ಬಿತ್ತಿರುತ್ತಾರೆ. ದೊಡ್ಡ ಭಾಗ ಹೆಣ್ಣು, ಸಣ್ಣ ಭಾಗ ಗಂಡು. ನಿಜವಾಗಿ ಹತ್ತಿಯ ಹೂವಿನಲ್ಲಿ ಗಂಡು-ಹೆಣ್ಣು ಎರಡೂ ಒಂದರಲ್ಲೇ ಇರುತ್ತವೆ. ಹಾಗಾಗಿ ಹೆಣ್ಣು ಗಿಡ ಅಂತ ಆರಿಸಿದ ಗಿಡದ ಹೂವಿನಿಂದ ಗಂಡಿನ ಭಾಗ ಕಿತ್ತುಹಾಕಬೇಕು. ಸಂಜೆ ಮೂರು ಗಂಟೆಯ ಮೇಲೆ ಸಾಲಿಗಿಳಿದು, ನಾಳೆ ಅರಳಲಿರುವ ಮೊಗ್ಗು ಯಾವುದು ಅಂತ ಕಣ್ಣಳತೆಯಲ್ಲೇ ಹಿಡಿಯಬೇಕು. ಅದು ಸ್ವಲ್ಪ ಉಬ್ಬಿರುತ್ತೆ, ಬಣ್ಣ ಕೆನೆಗಟ್ಟಿರುತ್ತೆ. ಹೆಬ್ಬೆರಳಿನ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಸುತ್ತ ತಿರುಗಿಸಿ, ಪಕಳೆಯನ್ನೂ ಪರಾಗದ ಕೋಶಗಳ ಕೊಳವೆಯನ್ನೂ ಒಟ್ಟಿಗೆ ಟೊಪ್ಪಿಗೆ ತೆಗೆದ ಹಾಗೆ ಸುಲಿದು ತೆಗೆಯಬೇಕು. ಒಳಗೆ ಉಳಿಯೋದು ಸಣ್ಣ ಹಸಿರು ಕಾಯಿ, ಅದರ ತುದಿಗೊಂದು ಕಡ್ಡಿ. ಉಗುರು ಒಂದು ಎಳೆಯಷ್ಟು ಒಳಗೆ ಹೋದರೆ ಕಾಯಿಗೆ ಗಾಯ, ಉದುರಿ ಹೋಗುತ್ತೆ. ಒಂದು ಎಳೆಯಷ್ಟು ಹೊರಗುಳಿದರೆ ಪರಾಗದ ಕೋಶ ಉಳಿದುಬಿಡುತ್ತೆ, ಬೀಜ ಕಲಬೆರಕೆ. ಸುಲಿದ ಮೊಗ್ಗಿಗೆ ಗುರುತಿಗೆ ಕೆಂಪು ಕಾಗದ. ಮರುದಿನ ಮುಂಜಾನೆ ಒಂಬತ್ತು-ಹತ್ತರ ಸುಮಾರಿಗೆ ಗಂಡು ಹೂಗಳನ್ನು ಕಿತ್ತು ತಂದು, ನಿನ್ನೆ ಸುಲಿದ ಕಡ್ಡಿಗಳಿಗೆ ಒಂದೊಂದಕ್ಕೂ ತಿಕ್ಕಬೇಕು. ಒಂದು ಗಂಡು ಹೂವು ನಾಲ್ಕೈದು ಹೆಣ್ಣಿಗೆ. ಬಿಸಿಲೇರಿದರೆ ಪರಾಗ ಸಾಯುತ್ತೆ, ಅದಕ್ಕೆ ಬೇಗ. ಆಮೇಲೆ ದಾರ ಕಟ್ಟಬೇಕು. ಕಣ್ತಪ್ಪಿ ತಾನಾಗಿಯೇ ಅರಳಿದ ಹೂಗಳನ್ನು ಹುಡುಕಿ ಹುಡುಕಿ ಚಿವುಟಿ ಎಸೆಯಬೇಕು. ಹೀಗೆ ಪ್ರತಿದಿನ, ಎರಡು ಮೂರು ತಿಂಗಳು. ಹತ್ತಿಗೆ ಭಾನುವಾರ ಅಂತ ಇರೋದಿಲ್ಲ.

ಮಕ್ಕಳೇ ಯಾಕೆ ಬೇಕು ಅಂದರೆ, "ಗಿಡದ ಎತ್ತರ ಅವ್ರ ಎತ್ತರ ಒಂದ ಇರತೈತಿ, ಬಗ್ಗೂದು ಬೇಕಿಲ್ಲ, ಬಟ್ಟ ಸಣ್ಣದಿರತಾವ" ಅಂತ ಕಾರಣ ಕೊಡುತ್ತಿದ್ದರು. ದೊಡ್ಡವರಿಗಿಂತ ಕೂಲಿ ಕಡಿಮೆ ಅನ್ನೋ ಕಾರಣ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಕ್ಕನಿಗೆ ದಿನಕ್ಕೆ ಹನ್ನೆರಡು ರೂಪಾಯಿ. ನಾನೂ ದಸರಾ ರಜೆಯಲ್ಲಿ ಹೋಗುತ್ತಿದ್ದೆ. ನನಗೆ ಎಂಟು, ಯಾಕಂದರೆ ನಾನು ಸುಲಿದ ಮೊಗ್ಗುಗಳಲ್ಲಿ ಅರ್ಧ ಉದುರುತ್ತಿದ್ದವು. ಎಣ್ಣೆ ಹೊಡೆದ ಮರುದಿನವೇ ಸಾಲಿಗಿಳಿಯಬೇಕು. (ನಮ್ಮಲ್ಲಿ ಕೀಟನಾಶಕಕ್ಕೆ 'ಎಣ್ಣಿ' ಅಂತಾರೆ, ಅಡುಗೆ ಎಣ್ಣೆ ಅಲ್ಲ.) ಆ ವಾಸನೆಗೆ ತಲೆ ಸಿಡಿಯೋದು ಇವತ್ತಿಗೂ ನೆನಪಿದೆ.

ಆ ಮೂರು ತಿಂಗಳು ಮುಗಿದಾಗ ಅಕ್ಕನ ಬಲಗೈ ಹೆಬ್ಬೆರಳ ಉಗುರು ಉದ್ದ ಬೆಳೆದು ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕತ್ತರಿಸುವ ಹಾಗಿಲ್ಲ, ಅದೇ ಅವಳ ಆಯುಧ. ಮುಂದಿನ ವರ್ಷವೂ ಮುಂಗಡ ಬಂತು. ಅದರ ಮುಂದಿನ ವರ್ಷವೂ. ಶಾಲೆಯ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಿದೆನಾ? ಇಲ್ಲ. ನನಗೆ ಹೈಸ್ಕೂಲಿಗೆ ಹೊಸ ಸೈಕಲ್ ಬಂತು. ಆ ಸೈಕಲ್ಲು ಎಲ್ಲಿಂದ ಬಂತು ಅಂತ ಕೇಳುವಷ್ಟು ಬುದ್ಧಿ ನನಗೆ ಆಗಲೇ ಇತ್ತು. ಕೇಳಲಿಲ್ಲ.

ಇನ್ನೊಂದು ಘಟನೆ ಹೇಳಲೇಬೇಕು. 1993ರಲ್ಲಿ ಕಾಯಿ ಬಿಡಿಸೋ ಹೊತ್ತಿಗೆ ಅಕ್ಕ ಒಂದು ಹಿಡಿ ದಾರ ಕಟ್ಟಿದ ಕಾಯಿಯ ಅರಳೆ ಉಡಿಯಲ್ಲಿ ಕಟ್ಟಿಕೊಂಡು ಬಂದಳು. ಕದ್ದಳು ಅಂತಲೇ ಅನ್ನಬೇಕು. ಪ್ರತಿ ಕಾಯಿಯ ಲೆಕ್ಕ ಇಡುತ್ತಿದ್ದರು, ಸಿಕ್ಕಿಬಿದ್ದಿದ್ದರೆ ಕೂಲಿ ಕಟ್. ಅವಳ ತರ್ಕ ಇಷ್ಟೇ: ಅಂಗಡಿಯಲ್ಲಿ ಅಷ್ಟು ದುಡ್ಡು ಕೊಟ್ಟು ಅಪ್ಪ ತರುವ ಬೀಜವನ್ನು ತಾನೇ ಮಾಡ್ತಾ ಇದ್ದೀನಲ್ಲ, ಮನೆಗೆ ಯಾಕೆ ತರಬಾರದು? ಬೀಜ ಬಿಡಿಸಿ, ನಮ್ಮಮ್ಮ (ನಮ್ಮ ಕಡೆ ಅಜ್ಜಿಗೆ 'ಅಮ್ಮ', ತಾಯಿಗೆ 'ಅವ್ವ') ಜವಾರಿ ಬೀಜ ಇಡುವ ಹಾಗೆಯೇ ಬೂದಿಯಲ್ಲಿ ಕಲಸಿ ಮಡಕೆಯಲ್ಲಿಟ್ಟಳು. ಮುಂಗಾರಿನಲ್ಲಿ ಹಿತ್ತಲಲ್ಲಿ ಊರಿದಳು. ಏನ್ ಗಿಡ ಅಂತೀರಿ! ಆಳೆತ್ತರ, ಮೈತುಂಬ ಕಾಯಿ, ರೇಷ್ಮೆ ಹಾಗೆ ಉದ್ದ ಎಳೆ. ಅಪ್ಪನೂ ಬೆರಗಾದ. ಆ ಗಿಡದ್ದೇ ಬೀಜ ಇಟ್ಟು ಮರುವರ್ಷ ಎರಡು ಸಾಲು ಹೊಲದಲ್ಲೇ ಹಾಕಿದ.

ಮರುವರ್ಷ ಬಂದದ್ದು ಒಂದು ಜಾತ್ರೆ. ಒಂದು ಗಿಡ ಮರದ ಹಾಗೆ ಎತ್ತರ, ಹೂವೇ ಇಲ್ಲ. ಪಕ್ಕದ್ದು ಮೊಣಕಾಲುದ್ದ. ಒಂದರ ಹೂ ಹಳದಿ, ಒಂದರದ್ದು ಕೆನೆ. ಕೆಲವು ಕಾಯಿ ಕಟ್ಟಿದವು, ಒಳಗೆ ಬೀಜವೇ ಗಟ್ಟಿ ಇಲ್ಲ. ಅಮ್ಮ ಅದನ್ನು ನೋಡಿ ಒಂದೇ ಮಾತು ಅಂದಳು: "ಕದ್ದ ಬೀಜ. ಪಾಪ ತಟ್ಟೈತಿ."

ಅಕ್ಕ ಆ ಮಾತನ್ನು ನಂಬಿಬಿಟ್ಟಳು. ನಾವು ನಕ್ಕು ಮರೆತೆವು, ಅವಳು ಮರೆಯಲಿಲ್ಲ.

ನಾನು ಮುಂದೆ ಧಾರವಾಡಕ್ಕೆ ಓದೋಕೆ ಹೋದೆ. ಅಕ್ಕನಿಗೆ 1997ರಲ್ಲಿ ಮದುವೆ ಆಯಿತು, ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದ ವರ್ಷವೇ. ಬೀಗರ ಕಡೆಯ ಹೆಂಗಸರು ಅರಿಶಿಣ ಹಚ್ಚುವಾಗ "ಇದೇನವ್ವ ಉಗುರು" ಅಂದರಂತೆ, ಅವ್ವ ಬ್ಲೇಡು ತಂದು ಕತ್ತರಿಸಿದಳಂತೆ. ಧಾರವಾಡದಲ್ಲಿ ಒಂದು ದಿನ ಲೈಬ್ರರಿಯಲ್ಲಿ ಸುಮ್ಮನೆ ಏನನ್ನೋ ತಿರುವಿ ಹಾಕ್ತಿದ್ದಾಗ 'ವರಲಕ್ಷ್ಮಿ' ಅನ್ನೋ ಹೆಸರು ಕಣ್ಣಿಗೆ ಬಿತ್ತು. ನಮ್ಮ ಕಡೆ ಹಳಬರು ವರಲಕ್ಷ್ಮಿ ಹತ್ತಿಯ ಕಾಲದ ಬಗ್ಗೆ ಮಾತಾಡೋದನ್ನು ಕೇಳಿದ್ದೆ. ಅದು ಹುಟ್ಟಿದ್ದು ನಾನು ದಿನಾ ಓಡಾಡುವ ಊರಿನಲ್ಲೇ ಅಂತ ಗೊತ್ತಿರಲಿಲ್ಲ!

ಹತ್ತಿಯನ್ನು ಹೈಬ್ರಿಡ್ ಮಾಡಿ ರೈತರ ಹೊಲಕ್ಕೆ ತಂದ ಮೊದಲ ದೇಶ ನಮ್ಮದು. 1970ರಲ್ಲಿ ಸೂರತ್ತಿನಲ್ಲಿ ಸಿ. ಟಿ. ಪಟೇಲ್ ಅವರು 'ಹೈಬ್ರಿಡ್-4' ಕೊಟ್ಟರು. ಎರಡೇ ವರ್ಷಕ್ಕೆ, 1972ರಲ್ಲಿ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದ ಡಾ. ಬಿ. ಎಚ್. ಕಾತರಕಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಬೇಸಾಯದಲ್ಲಿರುವ ಹತ್ತಿಯಲ್ಲಿ ನಾಲ್ಕು ಪ್ರಭೇದಗಳಿವೆ. ಎರಡು ನಮ್ಮ ಜವಾರಿ, 26 ವರ್ಣತಂತುಗಳವು. ಇನ್ನೆರಡು ಅಮೆರಿಕ ಖಂಡದ ಮೂಲದವು, 52ರವು. ಕಾತರಕಿಯವರು ಈ 52ರ ಎರಡು ಪ್ರಭೇದಗಳನ್ನು ಕೂಡಿಸಿದರು. ತಾಯಿ ನಮ್ಮ ಕಡೆ ಮೊದಲಿಂದ ಬೆಳೆಯುತ್ತಿದ್ದ 'ಲಕ್ಷ್ಮಿ', ತಂದೆ ಈಜಿಪ್ಟಿನ ಹತ್ತಿಯ ಪ್ರಭೇದಕ್ಕೆ ಸೇರಿದ ಎಸ್‌ಬಿ 289ಇ. ಲಕ್ಷ್ಮಿಯ ಮಗಳು ವರಲಕ್ಷ್ಮಿ. ಎರಡು ಪ್ರಭೇದಗಳ ನಡುವಿನ ಹತ್ತಿ ಹೈಬ್ರಿಡ್ ಹೀಗೆ ಹೊಲಕ್ಕೆ ಬಂದದ್ದು ಜಗತ್ತಿನಲ್ಲೇ ಮೊದಲು. ಅಲ್ಲಿಯವರೆಗೆ ನುಣುಪು ಬಟ್ಟೆಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಈಜಿಪ್ಟು, ಸುಡಾನಿನಿಂದ ತರಿಸುತ್ತಿದ್ದೆವು. 1981ರಲ್ಲಿ ಅಲ್ಲಿಂದಲೇ ಡಿಸಿಎಚ್-32 ಬಂತು, 'ಜಯಲಕ್ಷ್ಮಿ'. ನಮ್ಮ ರೈತರ ಬಾಯಲ್ಲಿ ಬರೀ 'ಡಿಸಿಎಚ್ಚು'.

ಹೆಮ್ಮೆ ಆಯಿತು, ಸುಳ್ಳು ಹೇಳಲ್ಲ. ಆದರೆ ಪುಸ್ತಕದ ಆ ಪುಟ ಓದುತ್ತಾ ಓದುತ್ತಾ ಒಂದು ಲೆಕ್ಕ ಹಾಕಿದೆ. ಆಮೇಲೆ ಬಿಟಿ ಬೀಜ 450 ಗ್ರಾಮಿನ ಪಾಕೀಟಿನಲ್ಲಿ ಬರತೊಡಗಿದಾಗ ಮತ್ತೊಮ್ಮೆ ಅದೇ ಲೆಕ್ಕ ಹಾಕಿದೆ. ನೂರು ಹತ್ತಿ ಬೀಜ ಸುಮಾರು ಒಂಬತ್ತು ಹತ್ತು ಗ್ರಾಂ ತೂಗುತ್ತವೆ. ಅಂದರೆ ಪಾಕೀಟಿಗೆ ಐದು ಸಾವಿರದ ಹತ್ತಿರ ಬೀಜ. ಕಾಯಿಗೆ ಇಪ್ಪತ್ತೈದರಂತೆ ಹಿಡಿದರೂ ಇನ್ನೂರು ಕಾಯಿ. ಪ್ರತಿ ಕಾಯಿಯನ್ನೂ ಯಾರೋ ಸಂಜೆ ಒಮ್ಮೆ, ಮುಂಜಾನೆ ಒಮ್ಮೆ ಕೈಯಲ್ಲಿ ಹಿಡಿದಿದ್ದಾರೆ. ನಾನೂರು ಸಲ. ಮಾಡಿದ್ದೆಲ್ಲ ಕಾಯಿ ನಿಲ್ಲೋದಿಲ್ಲ, ಉದುರಿದ್ದು ಬೇರೆ.

ಬೇರೆ ಬೆಳೆಗಳಿಗೆ ಈ ಗೋಳಿಲ್ಲ. ನಮ್ಮ ಸಜ್ಜೆಯನ್ನೇ ತಗೊಳ್ಳಿ. ತೆನೆಯ ತುಂಬ ಸಾವಿರಾರು ಸಣ್ಣ ಹೂಗಳು, ಯಾರ ಉಗುರೂ ಅಲ್ಲಿ ನಡೆಯಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಗ್ಲೆನ್ ಬರ್ಟನ್ ಅನ್ನುವವರು ಹುಟ್ಟಿನಿಂದಲೇ ಪರಾಗ ಕಟ್ಟದ ಸಜ್ಜೆಯ ಸಾಲೊಂದನ್ನು ಬೆಳೆಸಿಕೊಟ್ಟರು, 'ಟಿಫ್ಟ್ 23ಎ' ಅಂತ. ಅದನ್ನು ಹೆಣ್ಣಾಗಿಟ್ಟುಕೊಂಡು ಲೂಧಿಯಾನದಲ್ಲಿ ಡಿ. ಎಸ್. ಅಥ್ವಾಲ್ 1965ರಲ್ಲಿ ಎಚ್‌ಬಿ-1 ಹೈಬ್ರಿಡ್ ಮಾಡಿದರು. ಗಾಳಿಯೇ ಪರಾಗ ಹೊತ್ತು ತರುತ್ತೆ. ಕೆಲಸ ಸುಲಭವಾಯಿತು, ಆದರೆ ಎಲ್ಲ ಹೈಬ್ರಿಡ್ಡೂ ಒಂದೇ ತಾಯಿಯ ಮಕ್ಕಳಾದವು. 1970ರ ದಶಕದ ಮೊದಲಲ್ಲಿ ಬೂಜು ತುಪ್ಪಟ ರೋಗ ಬಂದಾಗ ಎಲ್ಲವೂ ಒಟ್ಟಿಗೆ ಮಲಗಿದವು. ಸೂರ್ಯಕಾಂತಿಗೂ ಇಂಥದೇ ಗಂಡು ಬಂಜೆತನ ಸಿಕ್ಕಿ, 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್‌ಎಚ್-1 ಬಂತು. ಹತ್ತಿಯಲ್ಲೂ ಅಂಥ ಸಾಲುಗಳಿವೆ, ಆದರೆ ನಮ್ಮಲ್ಲಿ ಬೀಜದ ಬಹುಪಾಲು ಕೈಯಿಂದಲೇ ಆಯಿತು. ಕೈ ಅಗ್ಗವಾಗಿ ಸಿಗುವಾಗ ಬೇರೆ ದಾರಿಗೆ ಅವಸರ ಯಾರಿಗಿರುತ್ತೆ?

2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನು ಹತ್ತಿಯೊಳಗೆ. ಕಾಯಿಕೊರಕ ತಿಂದರೆ ಸಾಯುತ್ತೆ. ಇದನ್ನು ದೇವರು ಅನ್ನುವವರೂ, ದೆವ್ವ ಅನ್ನುವವರೂ ಇದ್ದಾರೆ, ಎರಡೂ ಕಡೆಯವರ ಜೊತೆ ನಾನು ಜಗಳ ಮಾಡಿದ್ದೇನೆ. ಅಕ್ಕನ ಮನೆಯಲ್ಲಿ ಮೊದಲ ವರ್ಷಗಳಲ್ಲಿ ನಿಜಕ್ಕೂ ಎಣ್ಣೆ ಹೊಡೆಯೋದು ಕಡಿಮೆ ಆಯಿತು. ಮಾವ (ಅಕ್ಕನ ಗಂಡ) ಎರಡು ಕೋಣೆ ಕಟ್ಟಿಸಿದ್ದು ಆ ದುಡ್ಡಲ್ಲೇ. ಪಾಕೀಟಿನ ಜೊತೆ 120 ಗ್ರಾಮಿನ ಇನ್ನೊಂದು ಸಣ್ಣ ಪಾಕೀಟು ಬರುತ್ತಿತ್ತು, ಬಿಟಿ ಅಲ್ಲದ ಬೀಜ. ಅದನ್ನು ಹೊಲದ ಅಂಚಿಗೆ ಬಿತ್ತಿ ಅಂತ ವಿಜ್ಞಾನಿಗಳು ಹೇಳುತ್ತಿದ್ದರು. ಹುಳಗಳಿಗೊಂದು ಆಸರೆ ಇದ್ದರೆ ಅಲ್ಲಿ ವಿಷ ತಡೆಯಲಾರದ ಹುಳಗಳು ಉಳಿಯುತ್ತವೆ, ವಿಷ ಜಯಿಸಿದ ಹುಳಗಳು ಅವುಗಳ ಜೊತೆ ಕೂಡುತ್ತವೆ, ಮಕ್ಕಳು ಮೆತ್ತಗಾಗಿಯೇ ಇರುತ್ತವೆ ಅಂತ. ಯಾರು ಬಿತ್ತಿದರು? ಮಾವನೇ ಆ ಪಾಕೀಟನ್ನು ಬದುವಿಗೆ ಎಸೆದದ್ದು ನಾನು ನೋಡಿದ್ದೇನೆ. "ಹುಳಕ್ಕ ಊಟ ಹಾಕಾಕ ನನಗೇನ್ ಹುಚ್ಚು ಹಿಡದೈತೇನ?" ಅಂದರು. ತಪ್ಪು ಅಂತ ಹೇಳೋಕೆ ನನಗೂ ಬಾಯಿ ಬರಲಿಲ್ಲ.

2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ಬಿಟಿಯನ್ನು ಅರಗಿಸಿಕೊಂಡಿದೆ ಅನ್ನೋದು ಬಹಿರಂಗವಾಯಿತು. ಕೆಲವೇ ವರ್ಷಗಳಲ್ಲಿ ಎರಡು ಜೀನಿನ ಬಿಟಿಯನ್ನೂ. 2015ರಲ್ಲಿ ಅದು ಮಾವನ ಹೊಲಕ್ಕೆ ಬಂತು. ಹೊರಗಿಂದ ನೋಡಿದರೆ ಕಾಯಿ ಗಟ್ಟಿ, ಚೆಂದ. ಒಡೆದರೆ ಒಳಗೆ ಗುಲಾಬಿ ಹುಳ, ಅರಳೆ ಕಪ್ಪು. ಅಕ್ಕ ಫೋನಿನಲ್ಲಿ ಅತ್ತದ್ದು ನನಗೆ ಗೊತ್ತಿದ್ದ ಹಾಗೆ ಅದೊಂದೇ ಸಲ. ಆ ವರ್ಷದ ಸಾಲ ತೀರಿಸೋಕೆ ನಾನು ಸ್ವಲ್ಪ ಹಣ ಕಳಿಸಿದೆ. ಕಳಿಸಿ ಏನೋ ದೊಡ್ಡ ಉಪಕಾರ ಮಾಡಿದ ಹಾಗೆ ಎರಡು ದಿನ ಬೀಗುತ್ತಿದ್ದೆ, ಅದನ್ನೂ ಇಲ್ಲಿ ಬರೆದುಬಿಡ್ತೀನಿ.

ಆಮೇಲೆ ಅವರು ಹತ್ತಿ ಬಿಟ್ಟರು. ಎರಿಯಲ್ಲಿ ಕಡಲೆ, ಜೆಜಿ-11 ತಳಿ. ರೊಟ್ಟಿಗೆ ಮಾಲ್ದಂಡಿ ಜೋಳ. ಈ ಎಂ 35-1 ಮಾಲ್ದಂಡಿ ನೋಡಿ, ಸೊಲ್ಲಾಪುರ ಕಡೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ತಳಿ. ಅದಾದ ಮೇಲೆ ಎಷ್ಟೋ ಹೊಸ ಜೋಳ ಬಂದವು. ನಮ್ಮ ಕಡೆ ರೊಟ್ಟಿ ಬಡಿಯುವ ಹೆಂಗಸರನ್ನು ಕೇಳಿದರೆ ಇವತ್ತಿಗೂ ಅದೇ ಪಾಸು. ಮಸಾರಿಯಲ್ಲಿ ಈಗ ಎರಡು ವರ್ಷದಿಂದ ಧನಶಕ್ತಿ ಸಜ್ಜೆ. ಇಕ್ರಿಸ್ಯಾಟ್‌ನವರ ಹಳೆಯ ಐಸಿಟಿಪಿ 8203 ತಳಿಯಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವ ಗಿಡಗಳನ್ನು ಹೆಕ್ಕಿ ಹೆಕ್ಕಿ ಮಾಡಿದ್ದು, ಬೇರು ಎಲ್ಲಿಯದು ಅಂದರೆ ಆಫ್ರಿಕಾದ ಟೋಗೋ ದೇಶದ ನಾಟಿ ಸಜ್ಜೆ. ಹೈಬ್ರಿಡ್ ಅಲ್ಲ, ಬೀಜ ಇಟ್ಟುಕೊಳ್ಳಬಹುದು. ಅಕ್ಕ ಇದನ್ನು ಬೂದಿಯಲ್ಲಿ ಕಲಸಿ ಇಡುತ್ತಾಳೆ.

ಅಕ್ಕನ ಎರಡನೇ ಮಗಳು 2019ರಲ್ಲಿ ಪಿಯುಸಿ ಮುಗಿಸಿದಾಗ ಬಿಎಸ್ಸಿ ಅಗ್ರಿ ಓದ್ತೀನಿ ಅಂದಳು. ಮನೆಯಲ್ಲಿ ಯುದ್ಧ. ಅಕ್ಕನೇ ಒಪ್ಪಲಿಲ್ಲ. "ಹೊಲದಾಗಿನ ಕೆಲಸ ಬ್ಯಾಡಂತನ ಓದಿಸೀನಿ. ಅದನ್ನ ಓದಾಕ ಹೋಗ್ತಾಳಂತ. ನೀನರ ಹೇಳೋ." ನಾನು ಏನು ಹೇಳಲಿ? ಕೃಷಿಕರ ಮಕ್ಕಳ ಕೋಟಾಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಬೀಜ, ಬೆಳೆ, ಸಲಕರಣೆ ಎಲ್ಲ ಗುರುತಿಸಬೇಕು. ಹುಡುಗಿ ಅದರಲ್ಲಿ ಚೆನ್ನಾಗಿ ಮಾಡಿದಳು. ಹಿಂದಿನ ರಾತ್ರಿ ಅಡುಗೆಮನೆ ಡಬ್ಬಿಗಳಿಂದ, ಮಡಕೆಗಳಿಂದ ಒಂದೊಂದೇ ಬೀಜ ತೆಗೆದು ತಟ್ಟೆಯಲ್ಲಿಟ್ಟು ಕೇಳಿದ್ದು ಯಾರು ಅಂತ ಬೇರೆ ಹೇಳಬೇಕಾ? ಬೈಯುತ್ತಲೇ ಕೇಳಿದ್ದು.

ಅವಳು ಓದುತ್ತಿದ್ದಾಗ ಒಂದು ವರ್ಷ ನಾವೆಲ್ಲ ಧಾರವಾಡದ ಕೃಷಿ ಮೇಳಕ್ಕೆ ಹೋಗಿದ್ದೆವು. ಆ ಜನ, ಆ ಧೂಳು, ಮಿರ್ಚಿ-ಮಂಡಕ್ಕಿ... ಹತ್ತಿಯ ತಾಕಿನ ಹತ್ತಿರ ಒಬ್ಬ ವಿಜ್ಞಾನಿ, ಐವತ್ತರ ಆಸುಪಾಸಿನವರು, ಕಾಲೇಜು ಹುಡುಗರಿಗೆ ಮೊಗ್ಗು ಸುಲಿದು ತೋರಿಸುತ್ತಿದ್ದರು. ಅಕ್ಕ ನಿಂತು ನೋಡಿದಳು. ನೋಡುತ್ತಾ ನೋಡುತ್ತಾ ತಡೀಲಾರದೆ, "ಸರ, ಹಂಗಲ್ಲರೀ. ಉಗುರ ಸ್ವಲ್ಪ ಅಡ್ಡ ಹಿಡೀರಿ" ಅಂದುಬಿಟ್ಟಳು. ನನಗೆ ನಾಚಿಕೆ. ಅವರು ನಗುತ್ತಾ ಒಂದು ಮೊಗ್ಗನ್ನು ಅವಳ ಮುಂದೆ ಹಿಡಿದರು. "ನೀವ ತೋರ್ಸ್ರೀ ಅಕ್ಕಾರ." ಅಕ್ಕ ಸೆರಗು ಸಿಕ್ಕಿಸಿಕೊಂಡು ಬೆರಳು ಊರಿದಳು. ಒಂದೇ ತಿರುವು. ಟೊಪ್ಪಿಗೆ ಕೈಗೆ ಬಂತು, ಕಡ್ಡಿ ಅಲುಗಲಿಲ್ಲ. ಆ ಹುಡುಗರು ಚಪ್ಪಾಳೆ ತಟ್ಟಿದರು.

"ಎಷ್ಟು ವರ್ಷ ಮಾಡೀರಿ?" ಅಂದರು ಅವರು.

"ಐದು ಹಂಗಾಮು. ಲಗ್ನ ಆಗೂತನಕ."

"ಎಷ್ಟನೇ ವಯಸ್ಸಿಗೆ ಶುರು?"

ಅಕ್ಕ ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ಗೊತ್ತಿದ್ದವರೇ ಅವರು. ಹತ್ತಿ ಬೀಜದ ಹೊಲಗಳ ಹೆಣ್ಣುಮಕ್ಕಳ ವಿಷಯ 1990ರ ದಶಕದ ಕೊನೆಗೆ ಆಂಧ್ರದಿಂದ ಹೊರಗೆ ಬಂದು, ಆಮೇಲೆ ಕರ್ನಾಟಕದ ಹೆಸರೂ ಅದರಲ್ಲಿ ಸೇರಿತಲ್ಲ, ಅದನ್ನು ಓದದ ಹತ್ತಿ ವಿಜ್ಞಾನಿ ಇರೋಕಿಲ್ಲ.

ಆಗ ಅಕ್ಕ ನನ್ನ ಕಡೆ ಒಂದು ಸಲ ನೋಡಿ, ಆ ಹಿಡಿ ಬೀಜದ ಕಥೆ ಹೇಳಿದಳು. ಕದ್ದದ್ದು, ಹಿತ್ತಲಲ್ಲಿ ಊರಿದ್ದು, ಮರುವರ್ಷದ ಜಾತ್ರೆ, ಅಮ್ಮನ ಮಾತು, ಎಲ್ಲ. ಸುತ್ತ ಜನ ಇದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ.

ಆ ಮನುಷ್ಯ ನಗಲಿಲ್ಲ, ಅದಕ್ಕೆ ಅವರಿಗೆ ನನ್ನದೊಂದು ನಮಸ್ಕಾರ. ಅಲ್ಲೇ ನೆಲದ ಮೇಲೆ ಕೂತು, ಎರಡು ಬಣ್ಣದ ಕಾಗದದ ಚೂರು ಹಿಡಿದು ವಿವರಿಸಿದರು. "ಅಕ್ಕಾರ, ನೀವು ಮೊದಲ ವರ್ಷ ಊರಿದ್ದು ಒಂದ ತಾಯಿ ಒಂದ ತಂದಿ ಮಕ್ಕಳು. ಎಲ್ಲಾವು ಅರ್ಧ ತಾಯಿ, ಅರ್ಧ ತಂದಿ. ಅದಕ್ಕ ಎಲ್ಲಾ ಒಂದ ನಮೂನಿ ಬಂದ್ವು. ಅವು ತಮ್ಮ ತಮ್ಮೊಳಗ ಬೀಜ ಕಟ್ಟಿದಾಗ ಇಸ್ಪೀಟ ಎಲಿ ಕಲಸಿದಂಗ. ಒಂದಕ್ಕ ಅಜ್ಜನ ಎತ್ತರ, ಒಂದಕ್ಕ ಅಜ್ಜಿ ಬಣ್ಣ. ಅದರಾಗೂ ಇವು ಎರಡು ಬ್ಯಾರೆ ಪ್ರಭೇದ ಕೂಡಿಸಿದ್ದು, ಎಲಿ ಭಾಳ ಚೆಲ್ಲಾಪಿಲ್ಲಿ ಆಗ್ತಾವ. ನೀವು ಕೊಂಡು ತಂದ ಬೀಜದ್ದ ಬೀಜ ಇಟ್ಟಿದ್ರೂ ಹಿಂಗ ಆಕ್ಕಿತ್ತು. ಬೀಜ ಇಟ್ಗೊಬ್ಯಾಡ ಅಂತ 2001ರ ಕಾಯ್ದೆ ಸೈತ ರೈತಗ ಹೇಳೂದಿಲ್ಲ. ಬ್ರ್ಯಾಂಡ್ ಹೆಸರಿಟ್ಟು ಮಾರಬಾರ್ದು, ಅಷ್ಟ. ತಡಿಯಾಂವ ಮೆಂಡೆಲ್. ಇದು ಪಾಪ ಅಲ್ಲರೀ, ಲೆಕ್ಕ."

"ಲೆಕ್ಕ?" ಅಂದಳು ಅಕ್ಕ.

"ಲೆಕ್ಕ."

ಲೆಕ್ಕದಲ್ಲಿ ಅವಳು ಶಾಲೆಗೇ ಮೊದಲಿದ್ದಳು ಅಂತ ನನಗೆ ಹೇಳಬೇಕು ಅನ್ನಿಸಿತು. ಗಂಟಲು ಕಟ್ಟಿತ್ತು. ವಾಪಸು ಬಸ್ಸಿನಲ್ಲಿ ಅಣ್ಣಿಗೇರಿ ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ, "ಇಪ್ಪತ್ತೈದು ವರ್ಷದ ಮ್ಯಾಲಾತಲ್ಲೋ" ಅಂದಳು, ಅಷ್ಟೇ.

ಅಕ್ಕನ ಮಗಳು ಈಗ ಎಂಎಸ್ಸಿ, ತಳಿಶಾಸ್ತ್ರ. ಹತ್ತಿಯ ಮೇಲೇ ಕೆಲಸ. ರಜೆಗೆ ಬಂದಾಗ ನನಗೆ ಪಾಠ ಮಾಡ್ತಾಳೆ. ಹೋದ ಸಲ ಒಂದು ವಿಚಿತ್ರ ಹೇಳಿದಳು. ಚೀನಾದ ಯಾಂಗ್ಟ್ಸೆ ನದಿಯ ಬಯಲಿನಲ್ಲಿ ಗುಲಾಬಿ ಹುಳ ಬಿಟಿಗೆ ಬಗ್ಗಿಯೇ ಇದೆಯಂತೆ. ಯಾಕೆ ಅಂತ ಹುಡುಕಿದರೆ, ಅಲ್ಲಿನ ರೈತರು ಬಹಳ ಕಡೆ ಬಿತ್ತುತ್ತಿದ್ದದ್ದು ಬಿಟಿ ಮತ್ತು ಬಿಟಿ ಅಲ್ಲದ ಹತ್ತಿ ಕೂಡಿಸಿದ ಹೈಬ್ರಿಡ್ಡಿನ ಎರಡನೇ ತಲೆಮಾರಿನ ಬೀಜ! ಅದರಲ್ಲಿ ನಾಲ್ಕರಲ್ಲೊಂದು ಗಿಡಕ್ಕೆ ಬಿಟಿ ಜೀನು ಇರೋದಿಲ್ಲ. ಹೊಲದ ತುಂಬ ತಾನಾಗಿಯೇ ಹುಳಕ್ಕೆ ಆಸರೆ. 2017ರಲ್ಲಿ ಇದು ಪ್ರಕಟವಾಗಿದೆ. ನಮ್ಮ ಮಾವ ಬದುವಿಗೆ ಎಸೆದ ಸಣ್ಣ ಪಾಕೀಟಿನ ಕೆಲಸವನ್ನು ಅಲ್ಲಿ ಬೀಜವೇ ಮಾಡಿತ್ತು. ಪಕ್ಕದಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಅಕ್ಕ, "ಹಿತ್ತಲದಾಗ ನಂದೂ ಎರಡನೇದ ಇತ್ತಲ್ಲ" ಅಂದಳು. ಬರೀ ಅದನ್ನೇ ಬಿತ್ತಿದರೆ ಇಳುವರಿ ಏನಾಗುತ್ತೆ, ಅದು ಯಾವ ಹತ್ತಿಗೆ ಹೊಂದುತ್ತೆ ಅಂತೆಲ್ಲ ತಾಯಿ ಮಗಳು ಮುಂದೆ ಒಂದು ತಾಸು ವಾದ ಮಾಡಿದರು. ನಾನು ಕೇಳಿಸಿಕೊಳ್ಳುತ್ತಾ ಕೂತಿದ್ದೆ.

ಇನ್ನು ಮೊನ್ನೆಯ ಮಾತು. ದಸರೆಗೆ ಹೋದಾಗ ಹುಡುಗಿ ಊರಿಗೆ ಬಂದಿರಲಿಲ್ಲ, ಹತ್ತಿ ಹೂಬಿಡುವ ಕಾಲ, ತಾಕು ಬಿಟ್ಟು ಬರೋಕಾಗಲ್ಲ. ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು. ಅಳುವ ದನಿ. ಒಂದು ವಾರದಿಂದ ಮಾಡಿದ ಕ್ರಾಸಿಂಗೆಲ್ಲ ಉದುರುತ್ತಿದೆ, ಇಪ್ಪತ್ತಕ್ಕೆ ನಾಲ್ಕು ಕಾಯಿ ನಿಂತರೆ ಹೆಚ್ಚು, ಹೀಗಾದರೆ ಬೀಜ ಸಾಲದು, ಒಂದು ವರ್ಷ ಹಾಳು. ಅಕ್ಕ ಕೈ ತೊಳೆದುಕೊಂಡು ಫೋನನ್ನು ಗೋಡೆಗೆ ಆನಿಸಿ ವಿಡಿಯೋ ಹಾಕಿಸಿದಳು. ಹಿತ್ತಲಲ್ಲಿ ಪೂಜೆಗೆ ಅಂತ ಹಾಕಿದ ದಾಸವಾಳದ ಗಿಡ ಇದೆ. (ಹತ್ತಿಯ ಕುಟುಂಬದ್ದೇ, ಹೂವಿನ ಕಟ್ಟು ಅದೇ ಥರ.) ಅದರ ಮೊಗ್ಗು ಕಿತ್ತು ತರೋಕೆ ನನ್ನನ್ನು ಕಳಿಸಿದಳು. ಟಾರ್ಚು ಹಿಡಿದು ಐದಾರು ತಂದೆ.

"ನೋಡು. ಎಷ್ಟೊತ್ತಿಗೆ ಸುಲೀತಿ?"

"ಐದರ ಮ್ಯಾಲ, ಯವ್ವ."

"ನಾಕಕ್ಕ ಶುರು ಮಾಡು, ಬೆಳಕಿರಬೇಕು. ಉಗುರು ಎಲ್ಲೈತಿ? ತೋರ್ಸು. ಅಯ್ಯ, ಇಷ್ಟು ಕತ್ತರ್ಸಿದ್ರ ಏನ್ ಬಂತು! ಬೆಳಸು. ಬುಡಕ್ಕ ಒತ್ತಬ್ಯಾಡ. ಹಿಂಗ ಅಡ್ಡ... ಹಿಂಗ. ನೀ ಮೊಗ್ಗು ತಿರುವಾಕತ್ತಿ, ಅದಕ್ಕ ತೊಟ್ಟು ಸಡಿಲಾಗ್ತೈತಿ. ಮೊಗ್ಗು ಗಟ್ಟಿ ಹಿಡಿ, ಬಟ್ಟು ತಿರುವು."

ದೀಪದ ಬೆಳಕಿಗೆ ಅಕ್ಕನ ಹೆಬ್ಬೆರಳು ಕಾಣುತ್ತಿತ್ತು. ಉಗುರು ಈಗ ಎಲ್ಲರದರ ಹಾಗೇ ಇದೆ. ಪಕ್ಕದ ಚರ್ಮ ಮಾತ್ರ ಸ್ವಲ್ಪ ದಪ್ಪ. ಅದು ನನಗೆ ಅಲ್ಲಿವರೆಗೂ ಕಂಡೇ ಇರಲಿಲ್ಲ, ಅಥವಾ ನೋಡಿರಲಿಲ್ಲ.

ಫೋನ್ ಇಟ್ಟ ಮೇಲೆ ನಾನು ಕೇಳಿದೆ. ಮೂವತ್ತಮೂರು ವರ್ಷ ತಡವಾಗಿ. "ಅಕ್ಕಾ, ಆವಾಗ ನಿನಗ ಸಾಲಿಗೆ ಹೋಗ್ಬೇಕು ಅನ್ಸಿದ್ದಿಲ್ಲೇನು?"

ಅವಳು ದಾಸವಾಳದ ಚೂರುಗಳನ್ನೆಲ್ಲ ಗೋರಿ ಮರದೊಳಗೆ ಹಾಕುತ್ತಿದ್ದಳು. "ಹೊಲದ ಬಾಜೂಕ ನಿಮ್ಮ ಸಾಲಿ ಹಾದಿ ಇತ್ತಲ್ಲ" ಅಂದಳು. "ಮುಂಜಾನಿ ನಾ ಗಂಡು ಹೂ ತರಾಕ ಹೋಗೂ ಹೊತ್ತಿಗೆ ನೀ ಸೈಕಲ್ ಮ್ಯಾಲ ಹೊಂಟಿರ್ತಿದ್ದಿ. ದಿನಾ ನೋಡ್ತಿದ್ದೆ. ನೀ ಒಂದಿನಾನೂ ಈ ಕಡೆ ನೋಡ್ಲಿಲ್ಲ." ಕೋಪದಲ್ಲಿ ಹೇಳಿದ್ದಲ್ಲ. ಹೇಳಿ, ಮರ ಎತ್ತಿಕೊಂಡು ಒಳಗೆ ಹೋದಳು. ಹೋದವಳು ಬಾಗಿಲಲ್ಲಿ ನಿಂತು, "ಅಕಿಗೆ ತಿಂಗಳಿಗೆ ಎಷ್ಟು ಕೊಡ್ತಾರ, ಈ ಕೆಲಸಕ್ಕ?" ಅಂದಳು. ಅದು ಕೆಲಸ ಅಲ್ಲ, ಓದು ಅಂದೆ. "ಎರಡೂ ಒಂದ ಮಾಡ್ಯಾರ ಬಿಡು, ಚೊಲೋ ಆತು" ಅಂದಳು.

ನಾನು ಬೆಂಗಳೂರಿಗೆ ಬಂದು ವಾರವಾದ ಮೇಲೆ ಫೋನ್ ಮಾಡಿದ್ದಳು. ಹೊಸದಾಗಿ ಮಾಡಿದ ಕ್ರಾಸಿಂಗಿನಲ್ಲಿ ಇಪ್ಪತ್ತಕ್ಕೆ ಹನ್ನೊಂದು ಕಾಯಿ ನಿಂತಿವೆಯಂತೆ. ಹುಡುಗಿ ಕುಣಿದಾಡುತ್ತಿದ್ದಾಳಂತೆ. ನಾನೂ ಖುಷಿಯಾಗಿ "ಅರೆ, ಹನ್ನೊಂದು!" ಅಂದೆ.

"ಏನ್ ಹನ್ನೊಂದು ಹಚ್ಚೀಯೋ," ಅಂದಳು ಅಕ್ಕ. "ನನ್ನವು ಹದಿನೈದು ನಿಲ್ತಿದ್ವು."